ಲಾರಾವೆಲ್ 5.5ರಿಂದ 12ಕ್ಕೆ: ಕಾಫಿ ಡಿಪೋದಲ್ಲಿ ಓಡಿಸಿ ನೋಡಿದ ಮೇಲೆ

ಲಾರಾವೆಲ್ ಅಂದರೆ ಪಿಎಚ್‌ಪಿ ಭಾಷೆಯಲ್ಲಿ ವೆಬ್ ಸಾಫ್ಟ್‌ವೇರ್ ಕಟ್ಟಲು ಬಳಸುವ ಸಿದ್ಧ ಚೌಕಟ್ಟು. ಅದರ 5.5ರಲ್ಲೇ ನಿಂತುಹೋಗಿದ್ದ ಒಂದು ಸಾಫ್ಟ್‌ವೇರನ್ನು 12ಕ್ಕೆ ತಂದು, ಒಂದು ಕೊಯ್ಲು ಪೂರ್ತಿ ಅದರ ಮೇಲೆ ಕೆಲಸ ನಡೆದ ಮೇಲೆ ಈ ವಿಮರ್ಶೆ ಬರೆಯುತ್ತಿದ್ದೇನೆ. ಐದಕ್ಕೆ ನಾಲ್ಕು ಸ್ಟಾರ್. ವೇಗ ಬೇಕು ಅಂತಲೇ ಈ ಕೆಲಸಕ್ಕೆ ಕೈ ಹಾಕಿದ್ದು, ವೇಗ ಸಿಕ್ಕಿದೆ. ಆದರೆ ಎಷ್ಟು ವೇಗ ಹೊಸ ವರ್ಷನ್‌ನಿಂದ ಬಂತು, ಎಷ್ಟು ಹಳೇ ಕೋಡ್ ರಿಪೇರಿಯಿಂದ ಬಂತು ಅನ್ನುವುದನ್ನು ಬಿಡಿಸಿ ಹೇಳುವವರು ಕಡಿಮೆ. ಗಿರಾಕಿಯಿಂದ ದುಡ್ಡು ತೆಗೆದುಕೊಳ್ಳುವ ಮೊದಲು ಇದು ಗೊತ್ತಿರಬೇಕು.

ನಾನು ಚಿಕ್ಕಮಗಳೂರಿನಲ್ಲಿದ್ದುಕೊಂಡು ಸಣ್ಣ ವ್ಯಾಪಾರಗಳಿಗೆ ಸಾಫ್ಟ್‌ವೇರ್ ನೋಡಿಕೊಳ್ಳುವವಳು. ಗಿರಾಕಿಗಳಲ್ಲಿ ಹೋಂಸ್ಟೇಗಳಿವೆ, ಒಂದು ಗೊಬ್ಬರದ ಅಂಗಡಿ ಇದೆ, ಮೂಡಿಗೆರೆ ರಸ್ತೆಯಲ್ಲಿ ಒಂದು ಕಾಫಿ ಖರೀದಿ ಡಿಪೋ ಇದೆ. ಈ ಬರಹ ಡಿಪೋ ಬಗ್ಗೆ. ಬೆಳೆಗಾರರು ಪಿಕಪ್‌ನಲ್ಲಿ ಮೂಟೆ ತರುತ್ತಾರೆ. ತೂಕ ಆಗುತ್ತದೆ, ತೇವಾಂಶ ನೋಡುತ್ತಾರೆ, ಚೆರಿ (ಸಿಪ್ಪೆ ಸಮೇತ ಒಣಗಿಸಿದ ಹಣ್ಣು) ಆದರೆ ಸ್ಯಾಂಪಲ್ ತೆಗೆದು ಔಟ್‌ಟರ್ನ್, ಅಂದರೆ ಎಷ್ಟು ಬೀಜ ಸಿಗುತ್ತದೆ ಅಂತ ನೋಡುತ್ತಾರೆ. ಅರೇಬಿಕಾ ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ ಬೀಜ), ಅರೇಬಿಕಾ ಚೆರಿ, ರೋಬಸ್ಟಾ ಪಾರ್ಚ್‌ಮೆಂಟ್, ರೋಬಸ್ಟಾ ಚೆರಿ, ಈ ನಾಲ್ಕಕ್ಕೂ 50 ಕೆಜಿ ಮೂಟೆಗೆ ಆ ದಿನದ ರೇಟು ಬೇರೆ ಬೇರೆ. ಎಲ್ಲವೂ ಕಂಪ್ಯೂಟರಿಗೆ ಹೋಗಿ ಒಂದು ಚೀಟಿ ಹೊರಗೆ ಬರಬೇಕು. ಕೆಲವರು ಅವತ್ತೇ ಮಾರುತ್ತಾರೆ. ಕೆಲವರು ಮಾಲು ಇಟ್ಟು ಹೋಗಿ ರೇಟು ಏರಿದಾಗ ಕಡಿಯುತ್ತಾರೆ, ಅಂದರೆ ಆ ದಿನದ ರೇಟಿಗೆ ಮಾರುತ್ತಾರೆ. ಇನ್ನು ಕೆಲವರು ಮೊದಲೇ ಅಡ್ವಾನ್ಸ್ ತೆಗೆದುಕೊಂಡಿರುತ್ತಾರೆ, ಅದಕ್ಕೆ ಬಡ್ಡಿ ಲೆಕ್ಕ ಇರುತ್ತದೆ.

ಮಳೆಗಾಲದಲ್ಲಿ ಈ ಸಾಫ್ಟ್‌ವೇರ್ ನಿಧಾನ ಅಂತ ಯಾರಿಗೂ ಅನ್ನಿಸುವುದಿಲ್ಲ. ಡಿಸೆಂಬರ್ ಬಂದರೆ ಗೊತ್ತಾಗುತ್ತದೆ. ಸಂಜೆ ನಾಲ್ಕರ ಮೇಲೆ ಆಲ್ದೂರು ಕಡೆಯಿಂದ, ಮಲ್ಲಂದೂರು ಕಡೆಯಿಂದ ಗಾಡಿಗಳು ಬಂದು ಸಾಲು ನಿಲ್ಲುತ್ತವೆ. ಲೆಕ್ಕ ಬರೆಯುವ ರೈಟರು ಸೇವ್ ಒತ್ತಿ ಪರದೆ ನೋಡುತ್ತಾ ಕೂರಬೇಕು. "ಸ್ವಲ್ಪ ತಡೀರಿ ಗೌಡ್ರೇ, ಸುತ್ತಾ ಇದೆ" ಅನ್ನುವುದು ಅವರ ಬಾಯಿಪಾಠ ಆಗಿತ್ತು. ಒಂದು ದಿನ ನನ್ನನ್ನೇ ಪಕ್ಕದಲ್ಲಿ ಕೂರಿಸಿಕೊಂಡು, "ನೋಡಮ್ಮ, ನೀನೇ ನೋಡು, ಮೂಟೆ ಇಳಿಸಿ ಆಯ್ತು, ಚೀಟಿ ಇನ್ನೂ ಬರ್ಲಿಲ್ಲ" ಅಂದರು. ಮುಂಜಾನೆಯಿಂದ ತೋಟದಲ್ಲಿದ್ದು, ಆಳುಗಳಿಗೆ ಬಟವಾಡೆ ಮಾಡಿ, ಕತ್ತಲಾಗುವ ಮೊದಲು ಘಾಟಿ ಹತ್ತಬೇಕಾದ ಮನುಷ್ಯನನ್ನು ಒಂದು ವೆಬ್ ಪೇಜ್‌ಗಾಗಿ ನಿಲ್ಲಿಸಿಕೊಳ್ಳುವುದು ನನಗೆ ಸರಿ ಅನ್ನಿಸಲಿಲ್ಲ.

5.5 ಕೆಟ್ಟ ವರ್ಷನ್ ಆಗಿರಲಿಲ್ಲ. 2017ರ ಆಗಸ್ಟ್‌ನಲ್ಲಿ ಬಂದದ್ದು, ದೀರ್ಘಾವಧಿ ಬೆಂಬಲ ಇದ್ದದ್ದು, ಆಗ ಹೊಸ ಕೆಲಸ ಶುರು ಮಾಡುವವರು ಅದನ್ನೇ ಆರಿಸಿಕೊಳ್ಳುತ್ತಿದ್ದರು. ಆದರೆ ಸೆಕ್ಯುರಿಟಿ ಬೆಂಬಲ 2020ರಲ್ಲೇ ಮುಗಿದಿತ್ತು. ಕೆಳಗಿದ್ದ ಪಿಎಚ್‌ಪಿ 7.1ಕ್ಕೆ 2019ರ ಡಿಸೆಂಬರ್‌ನಲ್ಲೇ ಮಂಗಳ ಹಾಡಿದ್ದರು. ಡೇಟಾಬೇಸ್ ಮೈಎಸ್‌ಕ್ಯುಎಲ್ 5.7, ಅದರ ಕಾಲವೂ 2023ರ ಅಕ್ಟೋಬರ್‌ಗೆ ಮುಗಿಯಿತು. ಸಾವಿರಾರು ಬೆಳೆಗಾರರ ಬ್ಯಾಂಕ್ ಖಾತೆ ನಂಬರ್ ಇರುವ ಕಡೆ ಇದು ಸಣ್ಣ ವಿಷಯ ಅಲ್ಲ. ಹಾಗಾಗಿ ದೊಡ್ಡ ಸರ್ವರ್ ತೆಗೆದುಕೊಂಡು ಸುಮ್ನೆ ದಿನ ತಳ್ಳುವ ಯೋಚನೆ ಬಿಟ್ಟೆವು.

5.5ರಿಂದ 12ಕ್ಕೆ ಒಂದೇ ಸಲ ಹಾರಲು ಆಗುವುದಿಲ್ಲ. 5.5 ಪಿಎಚ್‌ಪಿ 8ರ ಮೇಲೆ ನಡೆಯುವುದಿಲ್ಲ, 12ಕ್ಕೆ ಪಿಎಚ್‌ಪಿ 8.2 ಆದರೂ ಬೇಕು. ಎರಡನ್ನೂ ಜೊತೆಜೊತೆಗೆ ಏರಿಸಬೇಕು. ನಾನು ಹಿಡಿದ ದಾರಿ ಇದು: ಪಿಎಚ್‌ಪಿ 7.4 ಹಾಕಿಕೊಂಡು ಲಾರಾವೆಲ್ 6, 7, 8. ಅಲ್ಲಿ ನಿಂತು ಪಿಎಚ್‌ಪಿ 8.1. ಆಮೇಲೆ 9, 10. ಮತ್ತೆ ನಿಂತು ಪಿಎಚ್‌ಪಿ 8.3. ಕೊನೆಗೆ 11, 12. ಲಾರಾವೆಲ್ 8 ಈ ದಾರಿಯಲ್ಲಿ ಒಳ್ಳೆ ತಂಗುದಾಣ. ಅದು ಪಿಎಚ್‌ಪಿ 7.3ರಿಂದ 8.1ರವರೆಗೆ ಎಲ್ಲದರ ಮೇಲೂ ಓಡುತ್ತದೆ. ಹಳೇ ಪಿಎಚ್‌ಪಿಯಲ್ಲಿ ಹತ್ತಿ ಹೊಸ ಪಿಎಚ್‌ಪಿಯಲ್ಲಿ ಇಳಿಯಬಹುದು.

ಪ್ರತಿ ವರ್ಷನ್‌ಗೂ ಅಪ್‌ಗ್ರೇಡ್ ಗೈಡ್ ಇದೆ. ಏನು ಬದಲಾಗಿದೆ, ಅದರಿಂದ ತೊಂದರೆ ಆಗುವ ಸಾಧ್ಯತೆ ಎಷ್ಟು, ಎರಡನ್ನೂ ಬರೆದಿರುತ್ತಾರೆ. ಇಷ್ಟು ಅಚ್ಚುಕಟ್ಟಾದ ಗೈಡ್ ಬೇರೆ ಕಡೆ ನಾನು ನೋಡಿದ್ದು ಕಡಿಮೆ. ಲಾರಾವೆಲ್ ಶಿಫ್ಟ್ ಅನ್ನುವ ದುಡ್ಡಿನ ಸೇವೆಯೂ ಇದೆ. ಒಂದೊಂದು ವರ್ಷನ್ ಏರಿಸಲು ಒಂದೊಂದು ಶಿಫ್ಟ್. ನಿಮ್ಮ ಕೋಡ್ ಓದಿ, ಬದಲಾವಣೆಗಳನ್ನು ಬಿಡಿಬಿಡಿ ಕಮಿಟ್‌ಗಳಾಗಿ (ಒಂದೊಂದು ತಿದ್ದುಪಡಿಯಾಗಿ) ಮಾಡಿ, ನೀವು ನೋಡಿ ಒಪ್ಪಿದರೆ ಸೇರಿಸಿಕೊಳ್ಳುವ ಪುಲ್ ರಿಕ್ವೆಸ್ಟ್ ಕಳಿಸುತ್ತದೆ. ಕೈಯಿಂದ ನೋಡಬೇಕಾದ್ದನ್ನು ಕೆಳಗೆ ಕಾಮೆಂಟ್ ಹಾಕಿರುತ್ತದೆ. 6ಕ್ಕೆ ಹೋಗುವಾಗ ಸ್ಟ್ರಿಂಗ್, ಅರೇ ಸಹಾಯಕ ಫಂಕ್ಷನ್‌ಗಳು ಬೇರೆ ಪ್ಯಾಕೇಜ್‌ಗೆ (ಪ್ರತ್ಯೇಕವಾಗಿ ಸೇರಿಸಿಕೊಳ್ಳುವ ಕೋಡ್ ಕಟ್ಟು) ಹೋದವು, ಇನ್‌ಪುಟ್ ಅನ್ನುವ ಫಸಾಡ್ (ಲಾರಾವೆಲ್‌ನ ಒಳಗಿನ ಕೆಲಸವನ್ನು ಕರೆಯುವ ಚಿಕ್ಕ ಹೆಸರು) ತೆಗೆದರು. ಇಂಥ ಊರೆಲ್ಲಾ ಹುಡುಕಿ ಬದಲಿಸುವ ಕೆಲಸಕ್ಕೆ ಶಿಫ್ಟ್‌ಗೆ ಕೊಟ್ಟ ದುಡ್ಡು ಸಾರ್ಥಕ. ದುಡ್ಡು ಬೇಡ ಅಂದರೆ ರೆಕ್ಟರ್ ಅನ್ನುವ ಉಚಿತ ಸಾಧನ ಇದೆ, ಅದನ್ನು ಹೊಂದಿಸಿಕೊಳ್ಳಲು ಸ್ವಲ್ಪ ಕೂರಬೇಕು.

ಆದರೆ ಸಾಧನಗಳ ಕಣ್ಣಿಗೆ ಬೀಳದ ಬದಲಾವಣೆಗಳೇ ಡಿಪೋದಂಥ ಕಡೆ ಅಪಾಯ. ಕೆಂಪು ಎರರ್ ಬಂದರೆ ಒಳ್ಳೇದು, ಸರಿ ಮಾಡಬಹುದು. ಎರರ್ ಬರದೆ ಲೆಕ್ಕ ಬದಲಾದರೆ? ಅಂಥ ಮೂರು ಜಾಗ ಹೇಳುತ್ತೇನೆ.

ಮೊದಲನೆಯದು 6ಕ್ಕೆ ಹೋಗುವ ನಡುವೆ ದಾಟುವ ಲಾರಾವೆಲ್ 5.8ರಲ್ಲಿ. ಕ್ಯಾಶ್ ಅಂದರೆ ಮತ್ತೆ ಮತ್ತೆ ಬೇಕಾಗುವ ಮಾಹಿತಿಯನ್ನು ಡೇಟಾಬೇಸ್‌ಗೆ ಹೋಗದೆ ಕೊಡಲು ಸ್ವಲ್ಪ ಹೊತ್ತು ಇಟ್ಟುಕೊಳ್ಳುವ ಜಾಗ. ಅದರಲ್ಲಿ ಒಂದು ಮಾಹಿತಿ ಎಷ್ಟು ಹೊತ್ತು ಇರಬೇಕು ಅಂತ ಕೊಡುವ ಸಂಖ್ಯೆ ಅಲ್ಲಿಯವರೆಗೆ ನಿಮಿಷದಲ್ಲಿತ್ತು, 5.8ರಿಂದ ಸೆಕೆಂಡ್ ಆಯಿತು. ಡಿಪೋದಲ್ಲಿ ಆ ದಿನದ ರೇಟ್ ಪಟ್ಟಿಯನ್ನು ಕ್ಯಾಶ್‌ನಲ್ಲಿ ಇಟ್ಟು 10 ಅಂತ ಬರೆದಿದ್ದರು. ಹತ್ತು ನಿಮಿಷ ಇರಬೇಕಾದದ್ದು ಹತ್ತು ಸೆಕೆಂಡಿಗೇ ಖಾಲಿ. ತಪ್ಪು ರೇಟು ಬರುವುದಿಲ್ಲ, ಯಾರೂ ದೂರು ಕೊಡುವುದಿಲ್ಲ, ಆದರೆ ಡೇಟಾಬೇಸ್‌ಗೆ ಹೊಡೆತ ಎಷ್ಟೋ ಪಟ್ಟು ಜಾಸ್ತಿ. ವೇಗಕ್ಕೆ ಅಂತ ಅಪ್‌ಗ್ರೇಡ್ ಮಾಡಿ, ಈ ಒಂದು ಸಾಲು ಬಿಟ್ಟರೆ ಮೊದಲಿಗಿಂತ ನಿಧಾನ ಆಗುತ್ತದೆ.

ಎರಡನೆಯದು 7ರಲ್ಲಿ. ಇಲ್ಲಿ ಸ್ವಲ್ಪ ನಿಧಾನವಾಗಿ ನೋಡಿ. ಮಾಡೆಲ್ ಒಂದನ್ನು (ಡೇಟಾಬೇಸ್‌ನ ಒಂದು ಸಾಲು, ಇಲ್ಲಿ ಒಂದು ಚೀಟಿ) ಜೇಸನ್ ಅನ್ನುವ ಪಠ್ಯ ರೂಪಕ್ಕೆ ತಂದು ಕಳಿಸುವಾಗ ತಾರೀಖು ಬರೆಯುವ ರೀತಿಯನ್ನೇ ಬದಲಿಸಿದರು. ಈಗ ಅದು ಯುಟಿಸಿ ಅನ್ನುವ ಜಾಗತಿಕ ಪ್ರಮಾಣ ಸಮಯಕ್ಕೆ ತಿರುಗಿ ಹೋಗುತ್ತದೆ. ನಮ್ಮ ಸಮಯ ಯುಟಿಸಿಗಿಂತ ಐದೂವರೆ ಗಂಟೆ ಮುಂದೆ. ಜನವರಿ 11ರ ಚೀಟಿ ಅಂದರೆ ಒಳಗೆ ಅದು 11ನೇ ತಾರೀಖಿನ ಮಧ್ಯರಾತ್ರಿ ಸೊನ್ನೆ ಗಂಟೆ. ಯುಟಿಸಿಯಲ್ಲಿ ಅದು 10ನೇ ತಾರೀಖು ಸಂಜೆ 18:30. ಡಿಪೋದ ಹುಡುಗರು ತೋಟದ ಹತ್ತಿರವೇ ಹೋಗಿ ತೂಕ ಮಾಡಿಕೊಂಡು ಬರುವಾಗ ಬಳಸುವ ಫೋನ್ ಪೇಜ್ ಒಂದಿದೆ. ಅದು ಬಂದ ತಾರೀಖಿನ ಮೊದಲ ಹತ್ತು ಅಕ್ಷರ ಕತ್ತರಿಸಿ ತೋರಿಸುತ್ತಿತ್ತು. ಟೆಸ್ಟ್ ಪ್ರತಿಯಲ್ಲಿ ಎಲ್ಲಾ ಚೀಟಿಯೂ ಒಂದು ದಿನ ಹಿಂದೆ! ಕಾಫಿಗೆ ದಿನ ಬದಲಾದರೆ ರೇಟು ಬದಲಾಗುತ್ತದೆ. ಒಬ್ಬ ಬೆಳೆಗಾರ ತನ್ನ ಕೈಯಲ್ಲಿರುವ ಚೀಟಿಗೂ ಫೋನಿನಲ್ಲಿ ಕಾಣುವುದಕ್ಕೂ ತಾಳೆ ಇಲ್ಲ ಅಂದರೆ ಡಿಪೋ ಮೇಲಿನ ನಂಬಿಕೆಯೇ ಹೋಗುತ್ತದೆ ಅಲ್ವಾ? ಪರಿಹಾರ ಸುಲಭ. ಎಲ್ಲಾ ಮಾಡೆಲ್‌ಗಳಿಗೂ ತಾಯಿಯಾದ ಒಂದು ಮಾಡೆಲ್ ಮಾಡಿ, ಅದರಲ್ಲಿ ಸೀರಿಯಲೈಜ್‌ಡೇಟ್ ಫಂಕ್ಷನ್ ಬರೆದು ಹಳೇ ರೀತಿಗೇ ತರಬಹುದು. ಗೈಡ್‌ನಲ್ಲೇ ಇದೆ.

ಮೂರನೆಯದು ಬಡ್ಡಿ. ತಾರೀಖಿನ ಲೆಕ್ಕಕ್ಕೆ ಲಾರಾವೆಲ್ ಬಳಸುವುದು ಕಾರ್ಬನ್ ಅನ್ನುವ ಲೈಬ್ರರಿ. 12ಕ್ಕೆ ಕಾರ್ಬನ್ 3 ಕಡ್ಡಾಯ. ಎರಡು ತಾರೀಖಿನ ನಡುವೆ ಎಷ್ಟು ದಿನ ಅಂತ ಕೇಳಿದರೆ ಕಾರ್ಬನ್ 2 ಪೂರ್ಣ ಸಂಖ್ಯೆ ಕೊಡುತ್ತಿತ್ತು. ಕಾರ್ಬನ್ 3 ದಶಮಾಂಶ ಕೊಡುತ್ತದೆ. 30 ದಿನ ಆರು ಗಂಟೆ ಆಗಿದ್ದರೆ 30.25. ಅಷ್ಟೇ ಅಲ್ಲ, ಯಾವ ತಾರೀಖನ್ನು ಮೊದಲು ಬರೆದಿದ್ದೀರಿ ಅನ್ನುವುದರ ಮೇಲೆ ಉತ್ತರ ಮೈನಸ್ ಕೂಡ ಆಗಬಹುದು. ಅಡ್ವಾನ್ಸ್‌ಗೆ ದಿನದ ಲೆಕ್ಕದಲ್ಲಿ ಬಡ್ಡಿ ಹಾಕುವ ಕಡೆ ಇದರ ಅರ್ಥ ಏನು ಅಂತ ಬಿಡಿಸಿ ಹೇಳಬೇಕಿಲ್ಲ. ಎರಡೂ ತಾರೀಖನ್ನು ದಿನದ ಆರಂಭಕ್ಕೆ ತಂದು, ಮೈನಸ್ ತೆಗೆದು, ಪೂರ್ಣಾಂಕ ಮಾಡಿಕೊಳ್ಳಬೇಕು.

ಈ ಮೂರೂ ಸಿಕ್ಕಿದ್ದು ಗೈಡ್ ಓದಿದ್ದರಿಂದ ಮತ್ತು ತಾಳೆ ನೋಡಿದ್ದರಿಂದ. ಹಿಂದಿನ ಜನವರಿಯ ಡೇಟಾವನ್ನೇ ಹಳೇ ಪ್ರತಿಗೂ ಹೊಸ ಪ್ರತಿಗೂ ಹಾಕಿ, ಎರಡರಿಂದಲೂ ಡೇಬುಕ್ (ದಿನದ ಚೀಟಿಗಳ ಪಟ್ಟಿ) ಪ್ರಿಂಟ್ ತೆಗೆದೆವು. ರೈಟರು ಎರಡನ್ನೂ ಮೇಜಿನ ಮೇಲೆ ಅಕ್ಕಪಕ್ಕ ಹರಡಿ, ಪೆನ್ಸಿಲ್ ಹಿಡಿದು ಒಂದೊಂದೇ ಸಾಲಿಗೆ ಟಿಕ್ ಹಾಕಿದರು. ಒಟ್ಟು ಕೆಜಿ, ಒಟ್ಟು ರೂಪಾಯಿ, ಪೈಸೆ ಸಮೇತ. ಟೆಸ್ಟ್ ಕೋಡ್ ಇಲ್ಲದ ಹಳೇ ಸಾಫ್ಟ್‌ವೇರ್‌ಗೆ ಇದಕ್ಕಿಂತ ಒಳ್ಳೆ ಪರೀಕ್ಷೆ ನನಗೆ ಗೊತ್ತಿಲ್ಲ.

ಇನ್ನು ಉಳಿದ ಬದಲಾವಣೆಗಳು. ಲಾರಾವೆಲ್ 8ರಿಂದ ಪೇಜ್ ನಂಬರ್ ಪಟ್ಟಿಯ ವಿನ್ಯಾಸ ಟೈಲ್‌ವಿಂಡ್ ಅನ್ನುವ ವಿನ್ಯಾಸ ಸಾಧನಕ್ಕೆ ಹೋಯಿತು. ಅಂಥದ್ದೇ ಇನ್ನೊಂದಾದ ಬೂಟ್‌ಸ್ಟ್ರ್ಯಾಪ್ ಇರುವ ಹಳೇ ಸೈಟ್‌ನಲ್ಲಿ ಪರದೆ ತುಂಬಾ ದೊಡ್ಡ ದೊಡ್ಡ ಬಾಣ ಬಂದು ಕೂರುತ್ತವೆ. ಹೆದರಬೇಡಿ, ಒಂದು ಸಾಲಿನ ಕೆಲಸ. 9ರಲ್ಲಿ ಮೇಲ್ ಕಳಿಸುವ ಸ್ವಿಫ್ಟ್‌ಮೇಲರ್ ಬದಲು ಸಿಂಫನಿ ಮೇಲರ್ ಬಂತು. 10 ಸಲೀಸು. 11ರಲ್ಲಿ ಫೋಲ್ಡರ್ ರಚನೆ ಚಿಕ್ಕದಾಯಿತು, ಆದರೆ ಹಳೇ ರಚನೆಯೂ ನಡೆಯುತ್ತದೆ, ಬದಲಿಸಲು ಹೋಗಬೇಡಿ. 12 ಬಹಳ ಸಲೀಸು.

ಈಗ ವೇಗದ ವಿಷಯ. ಡಿಪೋದಲ್ಲಿ ಎಲ್ಲರಿಗೂ ತಲೆನೋವಾಗಿದ್ದು ಡೇಬುಕ್ ಪೇಜ್. ಸೇವ್ ಒತ್ತಿದ ಮೇಲೆ ಬಂದು ನಿಲ್ಲುವುದು ಅಲ್ಲೇ. ಕೊಯ್ಲಿನ ದಿನ ಅದು ತೆರೆಯಲು ಒಂಬತ್ತು ಸೆಕೆಂಡ್ ಹತ್ತಿರ ತೆಗೆದುಕೊಳ್ಳುತ್ತಿತ್ತು. ಕೋಡ್ ಮುಟ್ಟದೆ ಬರೀ ಲಾರಾವೆಲ್ 12, ಪಿಎಚ್‌ಪಿ 8.3 ಮಾಡಿದಾಗ ಏಳರ ಆಸುಪಾಸಿಗೆ ಬಂತು. ಬರೀ ಅಪ್‌ಗ್ರೇಡ್‌ನ ಪಾಲು ಅಷ್ಟೇ. ಪಿಎಚ್‌ಪಿಯಲ್ಲಿ ದೊಡ್ಡ ಜಿಗಿತ ಆಗಿದ್ದು 5.6ರಿಂದ 7.0ಕ್ಕೆ, 2015ರಲ್ಲಿ. ಅಲ್ಲಿಂದ ಈಚೆಗೆ ಸ್ವಲ್ಪ ಸ್ವಲ್ಪವೇ ಸುಧಾರಿಸಿದೆ. ನಿಮ್ಮದು ಇನ್ನೂ ಪಿಎಚ್‌ಪಿ 5.6ರ ಮೇಲೆ ಇದ್ದರೆ ನಿಮಗೆ ನನಗಿಂತ ಜಾಸ್ತಿ ಲಾಭ ಕಾಣುತ್ತದೆ. ಪಿಎಚ್‌ಪಿ 8ರ ಜಿಟ್ (ಕೋಡ್ ಓಡುವಾಗಲೇ ಅದನ್ನು ಯಂತ್ರದ ಭಾಷೆಗೆ ತಿರುಗಿಸುವ ವ್ಯವಸ್ಥೆ) ಬಗ್ಗೆ ಆಸೆ ಇಟ್ಟುಕೊಳ್ಳಬೇಡಿ. ಡೇಟಾಬೇಸ್‌ಗಾಗಿ ಕಾಯುವುದೇ ಹೆಚ್ಚಾಗಿರುವ ಇಂಥ ಕೆಲಸದಲ್ಲಿ ಅದರಿಂದ ಹೇಳಿಕೊಳ್ಳುವಂಥ ಬದಲಾವಣೆ ಆಗುವುದಿಲ್ಲ.

ಉಳಿದ ಏಳು ಸೆಕೆಂಡ್ ಎಲ್ಲಿ ಹೋಗುತ್ತಿತ್ತು? ಪೇಜ್ ಒಳಗೆ ಏನು ನಡೆಯುತ್ತಿದೆ ಅಂತ ತೋರಿಸುವ ಡೀಬಗ್‌ಬಾರ್ ಹಾಕಿ ನೋಡಿದೆ. ಡೇಬುಕ್‌ನಲ್ಲಿ 400 ಚೀಟಿ ಇದ್ದರೆ, ಪ್ರತಿ ಸಾಲಿಗೂ ಬೆಳೆಗಾರನ ಹೆಸರಿಗೆ ಒಂದು ಕ್ವೆರಿ (ಡೇಟಾಬೇಸ್‌ಗೆ ಕೇಳುವ ಪ್ರಶ್ನೆ), ಅವನ ಊರಿಗೆ ಒಂದು, ಕಾಫಿಯ ಬಗೆಗೆ ಒಂದು. ಮೊದಲ ಕ್ವೆರಿ ಸೇರಿಸಿ ಒಟ್ಟು 1201. ಅಂಗಡಿಗೆ ಒಮ್ಮೆ ಹೋಗಿ ಪೂರ್ತಿ ಸಾಮಾನು ತರುವ ಬದಲು ಒಂದೊಂದು ಮೆಣಸಿನಕಾಯಿಗೂ ಒಂದೊಂದು ಸಲ ಹೋಗಿ ಬಂದ ಹಾಗೆ. ಕ್ವೆರಿಯಲ್ಲಿ ವಿತ್ ಅಂತ ಹಾಕಿ, ಬೇಕಾದ ಸಂಬಂಧಗಳನ್ನು ಮೊದಲೇ ಹೇಳಿದರೆ ನಾಲ್ಕೇ ಕ್ವೆರಿ. ಇದು 5.5ರಲ್ಲೂ ಆಗುತ್ತಿತ್ತು. ಹಾಗಾದರೆ ಅಪ್‌ಗ್ರೇಡ್ ಯಾಕೆ ಬೇಕಿತ್ತು ಅಂತ ಕೇಳಬಹುದು. ಉತ್ತರ ಪ್ರಿವೆಂಟ್ ಲೇಝಿ ಲೋಡಿಂಗ್ ಅನ್ನುವ ಸೌಲಭ್ಯದಲ್ಲಿದೆ. ಲಾರಾವೆಲ್ 8ರ ಕಾಲದಲ್ಲಿ ಬಂದದ್ದು. ಇದನ್ನು ನಮ್ಮ ಟೆಸ್ಟ್ ಮೆಷಿನ್‌ನಲ್ಲಿ ಹಾಕಿಟ್ಟರೆ, ಪಟ್ಟಿಯ ಸಾಲುಗಳು ಹೀಗೆ ಒಂದೊಂದೇ ಕ್ವೆರಿ ಹಾರಿಸಲು ಹೋದ ತಕ್ಷಣ ಎರರ್ ಕೊಟ್ಟು ನಿಲ್ಲಿಸುತ್ತದೆ. ಎಲ್ಲಿ ತಪ್ಪಾಗಿದೆ ಅಂತ ಹೆಸರು ಹಿಡಿದು ಹೇಳುತ್ತದೆ. ಹಳೇ ಕೋಡ್‌ನಲ್ಲಿ ಇಂಥ ಜಾಗ ಎಲ್ಲೆಲ್ಲಿವೆ ಅಂತ ಊಹಿಸುವುದು ಕಷ್ಟ. ಇದು ಪ್ರತಿ ಪೇಜ್‌ನಲ್ಲೂ ಹಿಡಿದುಕೊಟ್ಟಿತು. ಬೇರೆ ಏನೂ ಇಲ್ಲದಿದ್ದರೂ ಈ ಒಂದಕ್ಕಾಗಿ ನಾನು 8ಕ್ಕಾದರೂ ಏರುತ್ತಿದ್ದೆ. 12ರಲ್ಲಿ ಸಂಬಂಧಗಳನ್ನು ತಾನಾಗಿಯೇ ಒಟ್ಟಿಗೆ ತರುವ ಸೌಲಭ್ಯವೂ ಇದೆ. ನಾನು ಹಾಕಿಲ್ಲ. ಯಾವ ಪೇಜ್ ಏನು ತರುತ್ತದೆ ಅನ್ನುವುದು ಕೋಡ್‌ನಲ್ಲಿ ಬರೆದಿರಬೇಕು ಅನ್ನುವುದು ನನ್ನ ಅಭಿಪ್ರಾಯ.

ಇನ್ನೊಂದು ದೊಡ್ಡ ಪಾಲು ತಾರೀಖಿನ ಹುಡುಕಾಟದ್ದು. ವೇರ್‌ಡೇಟ್ ಅಂತ ಬರೆದರೆ ಓದಲು ಚೆಂದ, ಆದರೆ ಒಳಗೆ ಪ್ರತಿ ಸಾಲಿನ ಸಮಯವನ್ನೂ ಡೇಟ್ ಫಂಕ್ಷನ್‌ಗೆ ಹಾಕಿ ನೋಡುತ್ತದೆ. ಆ ಕಾಲಂ ಮೇಲೆ ಇಂಡೆಕ್ಸ್ (ಬೇಗ ಹುಡುಕಲು ಇಟ್ಟ ಅನುಕ್ರಮಣಿಕೆ) ಇದ್ದರೂ ಮೈಎಸ್‌ಕ್ಯುಎಲ್ ಅದನ್ನು ಬಳಸಲು ಆಗುವುದಿಲ್ಲ. ಇಷ್ಟು ವರ್ಷದ ಚೀಟಿ ಪೂರ್ತಿ ತಿರುವಿ ಹಾಕಬೇಕು. ದಿನದ ಆರಂಭದಿಂದ ಕೊನೆಯವರೆಗೆ ಅಂತ ಎರಡು ಸಮಯದ ನಡುವೆ ಕೇಳಿದರೆ ಇಂಡೆಕ್ಸ್ ಕೆಲಸಕ್ಕೆ ಬರುತ್ತದೆ. ಸಾಲು ಒಂದೇ, ಪೇಜ್‌ಗೆ ಸಿಕ್ಕ ಲಾಭ ಬಹಳ.

ಎಸ್‌ಎಂಎಸ್ ಕೂಡ ಕಾಯಿಸುತ್ತಿತ್ತು. ಸೇವ್ ಒತ್ತಿದಾಗಲೇ ಬೆಳೆಗಾರನ ಮೊಬೈಲ್‌ಗೆ ಸಂದೇಶ ಹೋಗಿ, ಆ ಕಡೆಯ ಗೇಟ್‌ವೇ ಉತ್ತರ ಕೊಟ್ಟ ಮೇಲೆ ಚೀಟಿ ಬರುತ್ತಿತ್ತು. ಅದನ್ನು ಕ್ಯೂಗೆ ಹಾಕಿದೆ. ಚೀಟಿ ಮೊದಲು ಬರುತ್ತದೆ, ಸಂದೇಶ ಹಿಂದಿನಿಂದ ಹೋಗುತ್ತದೆ. ಹೊಸ ಸರ್ವರ್‌ನಲ್ಲಿ, ಪ್ರತಿ ಸಲ ಕೋಡ್ ಹೊಸದಾಗಿ ಓದುವುದನ್ನು ತಪ್ಪಿಸುವ ಓಪ್‌ಕ್ಯಾಶ್ ಇದೆ, ಹಳೇ ಹೋಸ್ಟಿಂಗ್‌ನಲ್ಲಿ ಅದನ್ನೂ ಹಾಕಿರಲಿಲ್ಲ. ಕಾನ್ಫಿಗ್ (ಸೆಟ್ಟಿಂಗ್) ಮತ್ತು ರೂಟ್ (ಪೇಜ್ ವಿಳಾಸ) ಕ್ಯಾಶ್ ಮಾಡುವ, ಲಾರಾವೆಲ್‌ನದ್ದೇ ಆದ ಎರಡು ಆರ್ಟಿಸಾನ್ ಕಮಾಂಡ್‌ಗಳನ್ನು ಹೊಸ ಕೋಡ್ ಸರ್ವರ್‌ಗೆ ಹಾಕುವ ಡಿಪ್ಲಾಯ್ ಸ್ಕ್ರಿಪ್ಟ್‌ಗೇ ಸೇರಿಸಿದ್ದೇನೆ. ಆಕ್ಟೇನ್ ಬಗ್ಗೆ ಕೇಳುವವರು ಇದ್ದಾರೆ. ಆ್ಯಪ್ ಅನ್ನು ಮೆಮೊರಿಯಲ್ಲೇ ಇಟ್ಟುಕೊಂಡು ಓಡಿಸುವ ವ್ಯವಸ್ಥೆ ಅದು. ಹತ್ತು ಹನ್ನೆರಡು ಜನ ಬಳಸುವ ಡಿಪೋಗೆ ಬೇಕಿಲ್ಲ.

ಇದೆಲ್ಲಾ ಆದ ಮೇಲೆ ಡೇಬುಕ್ ಅರ್ಧ ಸೆಕೆಂಡಿನ ಒಳಗೆ ತೆರೆಯುತ್ತದೆ. ಈ ಸಲದ ಜನವರಿಯಲ್ಲಿ ರೈಟರು ಸೇವ್ ಒತ್ತಿ ತಲೆ ಎತ್ತುವಷ್ಟರಲ್ಲಿ ಪ್ರಿಂಟರ್ ಶಬ್ದ ಬರುತ್ತಿತ್ತು. "ಈಗ ನಾನೇ ನಿಧಾನ ಆಗಿಬಿಟ್ಟೆ ಕಣಮ್ಮ" ಅಂದರು. ಗಾಡಿ ಸಾಲು ಪೂರ್ತಿ ಹೋಗಿದೆ ಅಂತ ಹೇಳುವುದಿಲ್ಲ, ಮೂಟೆ ಇಳಿಸುವುದಕ್ಕೆ ಹಿಡಿಯುವ ಹೊತ್ತು ಹಿಡಿಯುತ್ತದೆ. ಕಂಪ್ಯೂಟರಿಗಾಗಿ ಕಾಯುವುದು ನಿಂತಿದೆ.

ಕಡಿಮೆ ಮಾಡಿದ ಒಂದು ಸ್ಟಾರ್‌ಗೆ ಎರಡು ಕಾರಣ. ಒಂದು, ಪ್ಯಾಕೇಜ್‌ಗಳು. ಲಾರಾವೆಲ್ ಏರುತ್ತದೆ, ಅದರ ಸುತ್ತ ಇರುವವು ಏರುವುದಿಲ್ಲ. ಫಾರ್ಮ್‌ಗಳಿಗೆಲ್ಲಾ ಬಳಸಿದ್ದ ಲಾರಾವೆಲ್ ಕಲೆಕ್ಟಿವ್‌ನ ಎಚ್‌ಟಿಎಂಎಲ್ ಪ್ಯಾಕೇಜ್ ಕೈಬಿಟ್ಟಿದ್ದಾರೆ. ಸ್ಪಾಟೀ ಅನ್ನುವ ಕಂಪನಿಯವರ ಪ್ಯಾಕೇಜ್‌ಗೆ ಹೋಗಬೇಕಾಯಿತು, ಪ್ರತಿ ಫಾರ್ಮ್ ಕೈಯಲ್ಲಿ ತಿದ್ದಿ. ಎಕ್ಸೆಲ್ ಪ್ಯಾಕೇಜ್ 2ರಿಂದ 3ಕ್ಕೆ ಬರುವಾಗ ಪೂರ್ತಿ ಹೊಸದಾಗಿ ಬರೆದದ್ದು, ಹಾಗಾಗಿ ಆಡಿಟರಿಗೆ ಕೊಡುವ ರಿಪೋರ್ಟ್‌ಗಳನ್ನೆಲ್ಲಾ ಮತ್ತೆ ಬರೆಯಬೇಕಾಯಿತು. ಇಡೀ ಕೆಲಸದಲ್ಲಿ ಜಾಸ್ತಿ ಹೊತ್ತು ತಿಂದದ್ದು ಇದೇ.

ಎರಡನೆಯದು ಇನ್ನೂ ಮುಖ್ಯ. ದೀರ್ಘಾವಧಿ ಬೆಂಬಲದ ವರ್ಷನ್ ಅನ್ನುವುದು 6ಕ್ಕೇ ಕೊನೆ. ಈಗ ವರ್ಷಕ್ಕೊಂದು ದೊಡ್ಡ ವರ್ಷನ್, ಸೆಕ್ಯುರಿಟಿ ಬೆಂಬಲ ಎರಡು ವರ್ಷ. 2025ರ ಫೆಬ್ರವರಿಯಲ್ಲಿ ಬಂದ 12ಕ್ಕೆ 2027ರ ಫೆಬ್ರವರಿವರೆಗೆ. ದೊಡ್ಡ ಊರಿನ ಕಂಪನಿಗಳಿಗೆ ಇದು ಸರಿ ಇರಬಹುದು. ಒಂದು ಸಲ ದುಡ್ಡು ಹಾಕಿದರೆ ಹತ್ತು ವರ್ಷ ನಡೆಯಬೇಕು ಅನ್ನುವ ಡಿಪೋ, ಹೋಂಸ್ಟೇ, ಸಹಕಾರ ಸಂಘಗಳಿಗೆ ಇದು ಭಾರ. ಬಳಸುವವರಲ್ಲಿ ಇಂಥವರೂ ಎಷ್ಟೋ ಜನ ಇದ್ದಾರೆ. ಅವರಿಗೆ ನಾಲ್ಕೈದು ವರ್ಷ ಬಾಳುವ ಒಂದು ವರ್ಷನ್ ಬೇಕು.

ಮಾಡುವವರಿಗೆ ಒಂದು ಮಾತು. ನಮ್ಮ ಕಡೆ ಈ ಕೆಲಸಕ್ಕೆ ಜೂನ್‌ನಿಂದ ಸೆಪ್ಟೆಂಬರ್ ಸರಿಯಾದ ಕಾಲ. ಡಿಪೋದಲ್ಲಿ ಕೆಲಸ ಕಡಿಮೆ, ರೈಟರಿಗೆ ತಾಳೆ ನೋಡಲು ಪುರುಸೊತ್ತು ಇರುತ್ತದೆ. ಮಳೆಗೆ ಕರೆಂಟ್ ಹೋಗುತ್ತಿರುತ್ತದೆ, ಅದಕ್ಕೆ ಟೆಸ್ಟ್ ಪ್ರತಿಯನ್ನು ಲ್ಯಾಪ್‌ಟಾಪ್‌ನಲ್ಲೇ ಇಟ್ಟುಕೊಳ್ಳಿ. ಅಕ್ಟೋಬರ್ ಒಳಗೆ ಲೈವ್ ಆಗಬೇಕು. ನವೆಂಬರ್‌ನಲ್ಲಿ ಅರೇಬಿಕಾ ಹಣ್ಣು ಶುರುವಾದರೆ ಆಮೇಲೆ ಯಾರೂ ನಿಮ್ಮ ಮಾತು ಕೇಳುವ ಸ್ಥಿತಿಯಲ್ಲಿ ಇರುವುದಿಲ್ಲ.

ಕೊಟೇಶನ್ ಕೊಡುವಾಗ ಎರಡನ್ನೂ ಬೇರೆ ಬೇರೆ ಬರೆಯಿರಿ: ವರ್ಷನ್ ಏರಿಸುವುದಕ್ಕೆ ಇಷ್ಟು, ನಿಧಾನ ಇರುವ ಪೇಜ್ ಸರಿ ಮಾಡುವುದಕ್ಕೆ ಇಷ್ಟು. ಬಜೆಟ್ ಕಡಿಮೆ ಇದ್ದು ವೇಗ ಮಾತ್ರ ಬೇಕು ಅನ್ನುವ ಗಿರಾಕಿಗೆ ಎರಡನೆಯದನ್ನು ಮೊದಲು ಮಾಡಿಕೊಡಿ. ಡಿಪೋ ಮಾಲೀಕರು ಎರಡಕ್ಕೂ ಒಪ್ಪಿದರು. ಇನ್ನು ಮುಂದೆ ಪ್ರತಿ ಜೂನ್‌ನಲ್ಲಿ ಒಂದು ವರ್ಷನ್ ಏರಿಸುವುದು, ಅದಕ್ಕೆ ವರ್ಷದ ಲೆಕ್ಕದಲ್ಲಿ ದುಡ್ಡು ಕೊಡುವುದು ಅಂತ ಮಾತಾಗಿದೆ.